ಹಣ್ಣುನೊಣಕ್ಕೆ ಭಾವನ ಔತಣ

ಮನೆಗೆ ಬಂದ ನೆಂಟರಿಗೆ ಒಂದು ಲೋಟ ನೀರು ಕೊಡಲು ಮರೆಯುವ ನನ್ನ ಭಾವ, ನೊಣಗಳಿಗೆ ಮಾತ್ರ ಔತಣದ ಅಡುಗೆ ಮಾಡುತ್ತಾರೆ! ನಂಬಿಕೆಯಿಲ್ಲವೇ? ಮುಂಬಯಿಯ ಭಾಂಡುಪ್‌ಗೆ ಬಂದು ಅಕ್ಕನ ಮನೆಯ ಫ್ರಿಜ್ ತೆರೆಯಿರಿ. ಮೊದಲು ಮೂಗು ಮುಚ್ಚಿಕೊಳ್ಳಿ.

ಅಕ್ಕ ಬಿಲ್ಡಿಂಗಿನ ಟೆರೇಸಿನಲ್ಲಿ ಹಾಗಲದ ಬೀಜ ಹಾಕಿದ್ದಳು. ಬಳ್ಳಿ ಹಬ್ಬುವಷ್ಟರಲ್ಲಿ ಪರೇಲ್‌ನ ಆಸ್ಪತ್ರೆ ಸೇರಿದಳು. ಕಾಯಿಲೆಯೇನೋ ಇಳಿಯಿತು, ಔಷಧಿಯ ಕಾಟಕ್ಕೆ ನಾಲಿಗೆಯ ರುಚಿ ಹೋಯಿತು. ಸಾರೂ ಒಂದೇ, ನೀರೂ ಒಂದೇ. "ನಮ್ಮ ಹಾಗಲಕಾಯಿಯಾದ್ರೂ ಗೊತ್ತಾಗ್ತದೋ ಏನೋ" ಎಂದು ಅವಳು ಅಂದದ್ದೇ ತಡ, ಭಾವ ಬಳ್ಳಿಗೆ ಕಾವಲು ಕೂತರು. ಆದರೆ ಕೊಯ್ದ ಕಾಯಿಗಳೊಳಗೆಲ್ಲ ಹುಳು! ಹಣ್ಣುನೊಣ ಚುಚ್ಚಿ ಮೊಟ್ಟೆಯಿಟ್ಟಿತ್ತು.

"ಮದ್ದು ಹೊಡೀರಿ ಭಾವ," ಎಂದೆ.

"ಅವಳು ತಿನ್ನುವುದಕ್ಕೆ ವಿಷ ಹಾಕ್ಲಿಕ್ಕುಂಟಾ ಮಾರಾಯ?"

"ಹಾಗಾದ್ರೆ ಅಂಗಡಿಯಲ್ಲಿ ಸಿಗುವ ನೊಣ ಹಿಡಿಯುವ ಬಲೆ ತನ್ನಿ."

"ಅದರ ವಾಸನೆಗೆ ಬೀಳುವುದು ಗಂಡು ನೊಣ ಮಾತ್ರ. ಮೊಟ್ಟೆ ಇಡುವುದು ಗಂಡಾ?"

ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡಿ ನಿವೃತ್ತರಾದವರ ಜೊತೆ ವಾದ ಮಾಡಲಾದೀತೇ! ನೊಣದ ಹೊಟ್ಟೆಯಲ್ಲಿ ಅದರೊಂದಿಗೇ ಬಾಳುವ ಬ್ಯಾಕ್ಟೀರಿಯಾಗಳಿವೆಯಂತೆ. ಅವುಗಳ ವಾಸನೆ ಬಂದರೆ ಹೆಣ್ಣುನೊಣ ಊಟಕ್ಕೆ ಕರೆದರೆಂದು ಹಾರಿ ಬರುತ್ತದಂತೆ. ಭಾವ ನೊಣ ಹಿಡಿದು, ಹೊಟ್ಟೆ ಬಗೆದು, ಆ ಬ್ಯಾಕ್ಟೀರಿಯಾವನ್ನು ಸ್ಟೀಲಿನ ಡಬ್ಬಿಯಲ್ಲಿ ಬೆಳೆಸಲು ಹೊರಟರು. ಯಾವ ಡಬ್ಬಿ ಗೊತ್ತೇ? ನನ್ನ ಹೆಂಡತಿ ಚಕ್ಕುಲಿ ತುಂಬಿ ಕಳಿಸಿದ್ದು! ಅದನ್ನು ವಾಪಸು ಕೇಳುವ ಧೈರ್ಯ ಈಗ ಅವಳಿಗಿಲ್ಲ.

ಜನವರಿಯ ಚಳಿಗೆ ಬ್ಯಾಕ್ಟೀರಿಯಾ ಏಳಲಿಲ್ಲ. ಉಡುಪಿಯವರ ತಲೆ ಆಗ ಎಲ್ಲಿಗೆ ಓಡುತ್ತದೆ? ಇಡ್ಲಿ ಹಿಟ್ಟು ಉಬ್ಬುವ ಜಾಗಕ್ಕೆ! ಮಾಟುಂಗದ ಗೆಳೆಯರೊಬ್ಬರ ಹೋಟೆಲಿಗೆ ಹೋಗಿ, ಒಳಗೇನಿದೆಯೆಂದು ಹೇಳದೆ, ಹಿಟ್ಟಿನ ಪಾತ್ರೆಗಳ ಪಕ್ಕ ಡಬ್ಬಿ ಇಟ್ಟು ಬಂದರು. ಬೆಳಿಗ್ಗೆ ಫೋನು.

"ಮಾರಾಯ್ರೇ, ಇದೆಂತದು? ಉಬ್ಬಿದೆ, ಸರಿ. ನಮ್ಮ ಅಡಿಗೆಯವರು ಹೊರಗೆ ನಿಂತಿದ್ದಾರೆ, ಒಳಗೆ ಬರುವುದಿಲ್ಲವಂತೆ!"

ತರಲು ನನ್ನನ್ನೂ ಎಳೆದುಕೊಂಡು ಹೋದರು. ವಾಪಸು ಬರುವಾಗ, ತುಂಬಿದ ಲೋಕಲ್ ರೈಲಿನಲ್ಲಿ, ಕುರ್ಲಾದ ಹತ್ತಿರ ಡಬ್ಬಿಯ ಮುಚ್ಚಳ ಹಾರಿತು. ಮುಂಬಯಿಗೆ ಬಂದ ಮೇಲೆ ಕುರ್ಲಾದಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು ಅದೇ ಮೊದಲು.

ಮರುದಿನ ಟೆರೇಸಿನ ತುಂಬ, ಒಳಗೆ ಆ ಡಬ್ಬಿಯ ರಸ ಹಾಕಿದ, ತೂತು ಕೊರೆದ ಬಾಟಲಿಗಳು ತೂಗಿದವು; ಉಳಿದದ್ದು ಫ್ರಿಜ್ ಸೇರಿತು. ಸೊಸೈಟಿಯ ಸೆಕ್ರೆಟರಿ ಮೂಗು ಹಿಡಿದುಕೊಂಡು ಬಂದರು.

"ಕಾಕಾ, ಯೇ ಕ್ಯಾ ಹೈ?"

"ನಾಷ್ಟಾ. ಆಪ್ ಕೇ ಲಿಯೇ ನಹೀ."

ತಿಂಡಿಯಂತೆ, ಅವರಿಗಲ್ಲವಂತೆ! ನಾನು ಕೈಮುಗಿದು ಅವರನ್ನು ಕೆಳಗೆ ಕಳಿಸಿದೆ. ಈ ಮನುಷ್ಯನಿಂದ ನನಗೆ ಎಷ್ಟು ಜನರ ಕ್ಷಮೆ ಕೇಳುವ ಯೋಗವಿದೆಯೋ! ಆದರೂ ಸುಳ್ಳು ಹೇಳಬಾರದು, ಬಾಟಲಿಯ ತಳದಲ್ಲಿ ನೊಣಗಳು ರಾಶಿ ಬಿದ್ದಿದ್ದವು.

ಕಳೆದ ಭಾನುವಾರ ಹುಳುವಿಲ್ಲದ ಒಂದು ಕಾಯಿ ಸಿಕ್ಕಿತು. ಭಾವ ತಾವೇ ಪಲ್ಯ ಮಾಡಿದರು, ಬೆಲ್ಲ ಹಾಕಲು ಮರೆತು. ಬೈಯಬೇಕೆಂದು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಕ್ಕ ಒಂದು ತುತ್ತು ಬಾಯಿಗಿಟ್ಟು ಮುಖ ಕಿವಿಚಿದಳು.

"ಅಬ್ಬ, ಎಂತ ಕಹಿ ಇದು!"

ಭಾವ ಸೌಟು ಹಿಡಿದೇ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಇನ್ನೊಮ್ಮೆ ಹೇಳು ಮಾರಾಯ್ತಿ," ಎಂದರು.