ಎಫ್ ಅಂದರೆ ನಾದಿನಿ, ಜಿ ಅಂದರೆ ನಾನು

ನಮ್ಮ ನಾದಿನಿಯ ಜೊತೆ ಜಗಳವಾಡಬೇಕೆಂದರೆ ಮೊದಲು ಗೋಡೆ ನೋಡಬೇಕು! ತಮಾಷೆಯಲ್ಲ. ಕುಷ್ಟಗಿಯ ನಮ್ಮ ಅಡುಗೆಮನೆಯ ಒಂದು ಗೋಡೆಗೆ ಕಪ್ಪು ಪೇಂಟ್ ಬಳಿದು, ಯಾವ ತಾಸಿಗೆ ಯಾರ ಸಿಟ್ಟು ಎಷ್ಟು ಎಂದು ಆಕೆ ಚಾಕ್‌ನಲ್ಲಿ ಟೇಬಲ್ ಹಾಕಿಟ್ಟಿದ್ದಾಳೆ. ಕಾಲೇಜಿನಲ್ಲಿ ಗಣಿತ ಕಲಿಸಿ ರಿಟೈರ್ ಆದವಳು. ಈಗ ಮನೆಯಲ್ಲಿ ನಾವಿಬ್ಬರೇ; ಆಕೆಯ ಕೈಗೆ ಸಿಕ್ಕಿರುವ ಏಕೈಕ ಸ್ಟೂಡೆಂಟ್ ನಾನು.

ನಾನೋ ಕಾನ್ವೆಂಟ್ ಪ್ರಾಡಕ್ಟ್! ಸಿಸ್ಟರ್‌ಗಳು ಎಂಬ್ರಾಯ್ಡರಿ ಕಲಿಸಿದರು, ಎಲೊಕ್ಯೂಷನ್ ಕಲಿಸಿದರು. ಮ್ಯಾಥ್ಸ್ ಪಿರಿಯಡ್‌ನಲ್ಲಿ ಮಾತ್ರ ನಾನು ಕಿಟಕಿಯಾಚೆಯ ಗುಲ್‌ಮೊಹರ್ ನೋಡುತ್ತ ಕೂತಿರುತ್ತಿದ್ದೆ. ನಿಜ ಹೇಳಲೇ? ಮನಸ್ಸು ಇನ್ನೂ ಅಲ್ಲೇ ಕೂತಿದೆ.

"ಭಾಳ ಸರಳ ಐತಿ, ವೈನಿ. ಎಡಕ್ಕ ತಾಸು. ಬಾಜೂಕ ಎಫ್, ಅಂದ್ರ ನಾನು. ಅದರ ಬಾಜೂಕ ಜಿ, ಅಂದ್ರ ನೀನು. ಒಂದ ಸಾಲಿನ್ಯಾಗಿನ ಎರಡನ್ನೂ ಕೂಡಸು. ಆ ತಾಸಿಗೆ ಜಗಳ ಎಷ್ಟು ದೊಡ್ಡದು ಅಂತ ಗೊತ್ತಾಗತೈತಿ. ಮುಗೀತು."

"ನಾನ್ಯಾಕ ಜಿ? ಈ ಮನಿ ಹಿರೇ ಸೊಸಿ ನಾನು!"

"ನಾ ಇಲ್ಲೇ ಹುಟ್ಟೀನಿ. ನೀ ಆಮ್ಯಾಲ ಬಂದಾಕಿ."

ಆಲ್ಜಿಬ್ರಾದಲ್ಲೂ ಸೊಸೆಗೆ ಸೆಕೆಂಡ್ ಪ್ಲೇಸೇ!

ಒಂದೇ ಸಾಲಿನವನ್ನೇ ಕೂಡಿಸಬೇಕು ಎಂಬುದು ಆಕೆಯ ಪಾಲಿಗೆ ವೇದವಾಕ್ಯ. ಒಮ್ಮೆ ಬದನೆಕಾಯಿ ವಿಷಯಕ್ಕೆ ಮಾತು ಬೆಳೆದಾಗ ನಾನು, "ಹೋದ ದೀಪಾವಳಿಗೂ ನೀ ಹಿಂಗ ಅಂದಿದ್ದಿ" ಎಂದೆ. ತಕ್ಷಣ ಚಾಕ್ ಮೇಲೆದ್ದಿತು. "ಸಾಲು ತಪ್ಪಿತು, ವೈನಿ! ಹೋದ ವರ್ಷದ ನನ್ನ ಮಾತಿಗೆ ಇವತ್ತಿನ ನಿನ್ನ ಸಿಟ್ಟು ಕೂಡಸಬ್ಯಾಡ." ಹಳೆಯದನ್ನು ತೆಗೆಯದಿದ್ದರೆ ಜಗಳಕ್ಕೆ ರುಚಿಯಾದರೂ ಎಲ್ಲಿಂದ ಬರಬೇಕು, ಹೇಳಿ!

ಪಕ್ಕದ ಮನೆಯ ಟೇಲರ್ ರೆಹಾನಾಬಿ ಮಗಳಿಗೆ ಗಂಗಾವತಿಯ ಸಂಬಂಧ ಬಂತು. ಸಲಹೆ ಕೇಳಲು ನಮ್ಮ ಮನೆಗೆ ಬಂದಳು. ನಾದಿನಿ ಆಸ್ತಿ ಕೇಳಲಿಲ್ಲ, ಫೋಟೋ ನೋಡಲಿಲ್ಲ. "ಬೆಳಿಗ್ಗಿ ಆರಕ್ಕ ನಿಮ್ಮ ಹುಡುಗಿ ಸಿಟ್ಟು ಐದು. ಹುಡುಗಂದೂ ಐದಾದ್ರ ಮನ್ಯಾಗ ಚಾದ ಒಂದ ಕಪ್ಪೂ ಉಳಿಯಂಗಿಲ್ಲ" ಎಂದಳು.

"ಅಂವಾ ರೈಸ್ ಮಿಲ್‌ನ್ಯಾಗ ರಾತ್ರಿ ಪಾಳಿ ಮಾಡ್ತಾನ್ರಿ, ಟೀಚರಮ್ಮ. ಬೆಳಿಗ್ಗಿ ಮಕ್ಕೊಂಡಿರ್ತಾನ."

"ಹಂಗಾರ ಛಲೋ ಆತು! ಶಾದಿ ಮಾಡ್ರಿ."

ಮಾಡಿದರು. ಈವರೆಗೆ ಕಪ್ಪುಗಳು ಕ್ಷೇಮವಾಗಿವೆಯಂತೆ.

ಕಳೆದ ತಿಂಗಳು ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಬಳ್ಳಾರಿಯಿಂದ ಮಗಳು ಕಾರು ತಂದಳು. "ಅವ್ವಾ, ಇನ್ನ ಸಾಕು. ನನ್ನ ಜೋಡಿ ಬಂದುಬಿಡು, ಅಲ್ಲೇ ಇರು" ಎಂದು ನನ್ನ ಬ್ಯಾಗನ್ನು ಕಾರಿಗೆ ಸಾಗಿಸಿಯೂಬಿಟ್ಟಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಾದಿನಿ ಸಿಟ್ಟಿನ ಟೇಬಲ್ ಒರೆಸಿ ಹೊಸದು ಬರೆದಳು: ಯಾವ ತಾಸಿಗೆ ಯಾರ ಕೈಕಾಲು ಎಷ್ಟು ಆಡುತ್ತದೆ! ಬೆಳಿಗ್ಗೆ ಆಕೆಯ ಮೊಣಕಾಲು ಹಿಡಿದಿರುತ್ತದೆ, ಸೊನ್ನೆ, ನಾನು ಎರಡು. ಸಂಜೆ ನನ್ನ ಸೊಂಟ ಸೊನ್ನೆ, ಆಕೆ ಎರಡು.

"ನೋಡು. ಕೂಡಿಸಿದ್ರ ಎಲ್ಲಾ ಸಾಲಿಗೂ ಎರಡು. ಈ ಮನ್ಯಾಗ ಚಾ ನಿಲ್ಲಂಗಿಲ್ಲ."

ಮಗಳು ಕರಗಲಿಲ್ಲ. "ಅತ್ತಿ, ಅವ್ವ ಬರಾಕ ಬೇಕು."

ನಾದಿನಿ ಸೆರಗಿನಿಂದ ನನ್ನ ಕಾಲಂ ಒರೆಸಿದಳು. ಆಮೇಲೆ ಮೊತ್ತದ ಕಾಲಂ ಕೂಡ.

"ಅತ್ತಿ, ಮೊತ್ತ ಯಾಕ ಒರಸಿದ್ರಿ? ಸಂಜೀಕ ಅವ್ವಂದು ಮೊದಲೂ ಸೊನ್ನೀನ ಇತ್ತಲ್ಲ? ಆಗೂ ಎರಡು, ಈಗೂ ಎರಡು. ಬರೀರಿ."

"ಅಲ್ಲ ತಂಗಿ. ಸೊನ್ನಿ ಅಂದ್ರ, ಆಕಿ ಮನ್ಯಾಗ ಅದಾಳ, ಏಳಾಕ ಆಗವಲ್ದು ಅಂತ. ಇದು ಸೊನ್ನಿ ಅಲ್ಲ, ಖಾಲಿ. ಒಂದು ಕಡಿ ಖಾಲಿ ಆದ್ರ..." ಆಕೆಯ ದನಿ ಸಣ್ಣಗಾಯಿತು. "ಕೂಡಸಾಕ ಬರಂಗಿಲ್ಲ."

ಹೊತ್ತು ಸಂಜೆ. ನನ್ನ ಸೊಂಟ ಹಿಡಿದಿತ್ತು. ಗೋಡೆ ಹಿಡಿದು ಹಿಡಿದು ಹೋದೆ. ಆಕೆಯ ಕೈಯಿಂದ ಚಾಕ್ ತೆಗೆದುಕೊಂಡು, ಸಂಜೆಯ ಸಾಲಿನಲ್ಲಿ, ಜಿ ಕೆಳಗೆ, ಗುಂಡಗೆ ಒಂದು ಸೊನ್ನೆ ಬರೆದೆ.

ಆಕೆ ಕಣ್ಣೊರೆಸಿಕೊಂಡು, ಚಾಕ್ ವಾಪಸ್ ಇಸಿದುಕೊಂಡು, ಪಕ್ಕದ ಮೊತ್ತದ ಕಾಲಂನಲ್ಲಿ ಎರಡು ಎಂದು ಬರೆದಳು. ಮಗಳು ಗೋಡೆಯ ಮೇಲಿನ ಆ ಸಾಲನ್ನು ಓದಿದಳು. ಆಮೇಲೆ ನನ್ನ ಬ್ಯಾಗು ಒಳಗೆ ತರಲು ಕಾರಿನ ಕಡೆ ಹೋದಳು.