ಎರ್ರೆಮ್ಮ ಆರಿಸಿಕೊಂಡ ಹುಟ್ಟಿದ ಹಬ್ಬ

ಓರಗಿತ್ತಿ ವಿರುಪಮ್ಮನ ಹುಟ್ಟಿದ ಹಬ್ಬಕ್ಕೆ ಇಡೀ ಕರ್ನಾಟಕ ಬಾವುಟ ಹಾರಿಸುತ್ತದೆ ಎಂಬುದೇ ಎರ್ರೆಮ್ಮನ ಹೊಟ್ಟೆಯುರಿ. ಸಂಡೂರಿನ ಆಸ್ಪತ್ರೆಯಲ್ಲಿ ಹುಟ್ಟಿದ್ದರಿಂದ ವಿರುಪಮ್ಮನಿಗೆ ಪಕ್ಕಾ ತಾರೀಖು ಇತ್ತು: ನವೆಂಬರ್ ಒಂದು. ಹೊಸಪೇಟೆಯ ಅವರ ಓಣಿಗೆ ರಾಜ್ಯೋತ್ಸವದ ಮೆರವಣಿಗೆ ಬಂತೆಂದರೆ ಎರ್ರೆಮ್ಮನ ಮನೆಯ ಪಕ್ಕದಲ್ಲೇ ಇದ್ದ ತನ್ನ ಮನೆಯ ಕಟ್ಟೆಯ ಮೇಲೆ ಅವಳು ಹೊಸ ಸೀರೆಯುಟ್ಟು ನಿಲ್ಲುವಳು. "ನನ್ನ ಸಲುವಾಗಿ ಇಷ್ಟೆಲ್ಲ ಯಾಕ ಮಾಡ್ತಾರೋ, ನಾಚಿಕಿ ಬರ್ತೈತಿ" ಎನ್ನುವಳು. (ನಾಚಿಕೆ ಅವಳ ಬಳಿ ಸುಳಿದದ್ದನ್ನು ಯಾರೂ ಕಂಡಿಲ್ಲ.)

ಎರ್ರೆಮ್ಮನ ಆಧಾರ್ ಕಾರ್ಡಿನಲ್ಲಿದ್ದುದು ಜನವರಿ ಒಂದು. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಬರೆದುಕೊಡುವ ತಾರೀಖು ಅದು. ಗಂಡ ಮೂಕಣ್ಣನದೂ ಅದೇ, ಎದುರುಮನೆ ದುರುಗವ್ವನದೂ ಅದೇ. ಇಂಥ ಸಾಮೂಹಿಕ ಜಯಂತ್ಯುತ್ಸವದಲ್ಲಿ ಅವಳ ಪಾಲಿಗೆ ಏನು ಬಂದೀತು?

ಕೊನೆಗೊಂದು ದಿನ ಬುದ್ಧಿ ಹೊಳೆಯಿತು. "ನಾ ಹುಟ್ಟಿದ್ದು ಯಾವತ್ತಂತ ಯಾರಿಗೂ ಗೊತ್ತಿಲ್ಲ. ಅಂದಮ್ಯಾಲ ಬೇಕಾದ್ದು ಆರಿಸ್ಕಂತೀನಿ. ಕ್ಯಾಲೆಂಡರ್ ಓದ್ರಿ."

ಮೂಕಣ್ಣ ಗೋಡೆಯ ಮುಂದೆ ನಿಂತು ಓದತೊಡಗಿದ. "ಆಗಸ್ಟ್ ಹದಿನೈದು?"

"ಬ್ಯಾಡ. ನನ್ನ ಬಾವುಟ ನೋಡಿ ಕಾಪಿ ಹೊಡದಾಳ ಅಂತಾಳ ಅಕಿ."

"ಅಕ್ಟೋಬರ್ ಎರಡು. ಗಾಂಧಿ ಜಯಂತಿ, ಶಾಸ್ತ್ರಿ ಜಯಂತಿ."

"ಒಂದ ದಿನಕ್ಕ ಇಬ್ರಾ? ಅದನ್ನ ಹಿಡೀರಿ. ಅಕೀಗೆ ಒಂದು ರಾಜ್ಯ, ನಂಗ ಇಡೀ ದೇಶ. ಅದೂ ಅಕೀಗಿಂತ ಒಂದು ತಿಂಗಳು ಮುಂಚೆ."

ಕಂಪ್ಲಿ, ಗಾದಿಗನೂರಿನ ನೆಂಟರಿಗೆಲ್ಲ ಮಟನ್ ಊಟದ ಕರೆ ಹೋಯಿತು. ವಿರುಪಮ್ಮನಿಗಂತೂ ಎರ್ರೆಮ್ಮ ಎರಡು ಸಲ ಹೇಳಿದಳು. ಮೂಕಣ್ಣ ಮುನ್ನಾದಿನವೇ ತನ್ನ ಬಾಟಲಿ ತಂದು ಅಕ್ಕಿ ಡಬ್ಬಿಯ ಹಿಂದೆ ಇಟ್ಟ. ಅಕ್ಟೋಬರ್ ಎರಡಕ್ಕೆ ಬ್ರಾಂಡಿ ಅಂಗಡಿ ಮುಚ್ಚಿರುತ್ತದೆಂದು ಅವನಿಗೆ ಗೊತ್ತಿತ್ತು.

ಅಂದು ಬೆಳಿಗ್ಗೆ ನೆಂಟರು ಬಂದು ಕುಳಿತರು, ಮಸಾಲೆ ರುಬ್ಬಿ ಮುಗಿಯಿತು. ಮಾರ್ಕೆಟ್ಟಿಗೆ ಹೋಗಿದ್ದ ಮೂಕಣ್ಣ ಖಾಲಿ ಚೀಲದೊಂದಿಗೆ ಬಂದು ಬಾಗಿಲಲ್ಲೇ ನಿಂತ.

"ಮಟನ್ ಅಂಗಡೀನೂ ಬಂದ್ ಅಂತ. ಗಾಂಧಿ ಜಯಂತಿ ಅಲ್ಲೇನು."

"ಬ್ರಾಂಡಿ ಅಂಗಡಿ ಬಂದ್ ಅನ್ನೋದು ನೆನಪಿತ್ತು, ಇದು ನೆನಪಿರ್ಲಿಲ್ಲೇನು?" ಎರ್ರೆಮ್ಮನ ದನಿ ಅಳುವಿಗೆ ಬಂದಿತ್ತು.

"ಒಬ್ರ ಜಯಂತೀಗೇ ಇಷ್ಟು ಬಂದ್. ನೀ ಇಬ್ರನ್ನ ಹಿಡಕಂಡು ಕುಂತಿ."

ರುಬ್ಬಿದ ಮಸಾಲೆಯನ್ನು ಬದನೆಕಾಯಿಗೆ ತುಂಬಿದ್ದಾಯಿತು. ಊಟಕ್ಕೆ ಕುಳಿತ ವಿರುಪಮ್ಮ ತಟ್ಟೆ ನೋಡಿದಳು, ಓರಗಿತ್ತಿಯ ಮುಖ ನೋಡಿದಳು, ಭಾಳ ಅಕ್ಕರೆಯಿಂದ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಇರ್ಲಿ ಬಿಡಕ್ಕಾ. ಮುಂದಿನ ತಿಂಗಳು ನಿಮ್ಮ ಹುಟ್ಟಿದ ಹಬ್ಬದ ಮಟನ್ನೂ ನಮ್ಮನ್ಯಾಗ ಮಾಡಿಬಿಡೋಣು. ನನ್ನ ದಿನ ಅಂಗಡಿ ತೆಗದಿರ್ತಾವು."