ಸುಣ್ಣ ೨.೦

ಬಹಳ ಹಿಂದೆ, ಕರೆಂಟು ಬರುವುದಕ್ಕೂ ಮೊದಲೇ ಕರೆಂಟು ಹೋಗುತ್ತಿದ್ದ ಕಾಲದಲ್ಲಿ, ಝಗಮಗಪುರವೆಂಬ ರಾಜ್ಯವಿತ್ತು. ಅಲ್ಲಿನ ದೇದೀಪ್ಯವರ್ಮ ಮಹಾರಾಜರು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ಅಪ್ಪಣೆ ಕೊಡಿಸಿದರು: "ಇನ್ನು ಮೇಷ್ಟ್ರಾಗುವವರೆಲ್ಲ ತಂತ್ರಜ್ಞಾನದಲ್ಲೇ ಪಾಠ ಹೇಳತಕ್ಕದ್ದು!" ಹಾಗೆಂದರೇನೆಂದು ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ರೇವಕ್ಕ ಶಿಕ್ಷಕರ ತರಬೇತಿ ಶಾಲೆಯಲ್ಲಿ ಓದುತ್ತಿದ್ದಳು. ಮಕ್ಕಳಿಗೆ ಭಿನ್ನರಾಶಿ ಕಲಿಸಬೇಕೆಂಬುದೊಂದೇ ಅವಳ ಹುಚ್ಚು. ವಿದ್ಯಾಮಂತ್ರಿ ವಾಚಾಳಸೇನರು ಪಲ್ಲಕ್ಕಿಯಲ್ಲಿ ಸ್ಮಾರ್ಟ್ ಬೋರ್ಡ್ ತಂದಿಳಿಸಿದಾಗ ಅವಳೂ ಚಪ್ಪಾಳೆ ತಟ್ಟಿದಳು. ತರಬೇತಿ ಆರು ತಿಂಗಳು ನಡೆಯಿತು. ಮೂರು ತಿಂಗಳು ಬೋರ್ಡಿಗೆ ಹಾರ ಹಾಕುವುದನ್ನು ಕಲಿಸಿದರು. ಮಿಕ್ಕ ಮೂರು ತಿಂಗಳು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು.

"ಸ್ವಾಮಿ, ಕರೆಂಟು ಹೋದ್ರೆ ಪಾಠ ಮಾಡೋದು ಹೇಗೆ?" ರೇವಕ್ಕ ಕೇಳಿದಳು.

"ಪಾಸಿಟಿವ್ ಆಗಿ ಯೋಚಿಸಮ್ಮ," ಎಂದರು ಮಂತ್ರಿಗಳು. "ಸಿಲಬಸ್‌ನಲ್ಲಿ ಕರೆಂಟು ಹೋಗೋದಿಲ್ಲ."

ಪರೀಕ್ಷೆಯ ದಿನ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕಿತ್ತು; ನೋಡಲು ಮಹಾರಾಜರೇ ಸಿಂಹಾಸನ ಸಮೇತ ಚಿತ್ತೈಸಿದರು. ರೇವಕ್ಕ ಬೋರ್ಡಿಗೆ ಹಾರ ಹಾಕಿ, ಗುಂಡಿ ಒತ್ತಿದಳು. ಫಟ್! ಕರೆಂಟು ಹೋಯಿತು. ರಾಜರ ಹುಬ್ಬು ಮೇಲೇರಿತು. ಪಾಠ ಕೆಟ್ಟರೆ ಈ ಜನ್ಮದಲ್ಲಿ ಮೇಷ್ಟ್ರಗಿರಿಯಿಲ್ಲ. ಅವಳು ಸೆರಗಿನ ಗಂಟಿನಿಂದ ಸೀಮೆಸುಣ್ಣದ ತುಂಡು ತೆಗೆದು, ಕಪ್ಪಾಗಿ ನಿಂತ ಪರದೆಯ ಮೇಲೇ ದುಂಡನೆಯ ಹೋಳಿಗೆ ಬರೆದು ನಾಲ್ಕು ಪಾಲು ಮಾಡಿದಳು.

"ಮೂರು ಪಾಲು ನಾನೇ ತಿಂದೆ. ಎಷ್ಟು ಉಳೀತು ಮಕ್ಕಳೇ?"

"ಕಾಲು ಭಾಗ!" ನಲವತ್ತು ಗಂಟಲು ಒಟ್ಟಿಗೆ ಕೂಗಿದವು. "ಅದನ್ನ ನಮಗೆ ಕೊಡಿ ಟೀಚರ್!"

ರೇವಕ್ಕನ ಎದೆ ಹಿಗ್ಗಿತು. ಮಹಾರಾಜರು ಸಿಂಹಾಸನದಿಂದ ಜಿಗಿದರು. "ಆಹಾ! ಕರೆಂಟಿಲ್ಲ, ಪಾಸ್‌ವರ್ಡಿಲ್ಲ! ಇದಾವ ಸಾಫ್ಟ್‌ವೇರಯ್ಯಾ?"

ಸೀಮೆಸುಣ್ಣವೆನ್ನಲು ರೇವಕ್ಕ ಬಾಯಿ ತೆರೆಯುವಷ್ಟರಲ್ಲಿ ಮಂತ್ರಿಗಳು ಉದ್ದಂಡ ಬಿದ್ದಿದ್ದರು. "ಸುಣ್ಣ ೨.೦, ಮಹಾಪ್ರಭು! ತಮ್ಮ ಮಂದಹಾಸ ಕಂಡು ನನಗೆ ಹೊಳೆದದ್ದು."

ಮರುದಿನವೇ ರಾಜಾಜ್ಞೆ ಹೊರಟಿತು. ಹಳೆಯ ಕರಿಹಲಗೆಗಳನ್ನೆಲ್ಲ ಒಲೆಗೆ ಹಾಕತಕ್ಕದ್ದು. ಪ್ರತಿ ಶಾಲೆಗೂ ಸ್ಮಾರ್ಟ್ ಬೋರ್ಡ್ ತರಿಸಿ, ಅದಕ್ಕೆ ಕರೆಂಟು ಕೊಡದೆ, ಸುಣ್ಣ ೨.೦ರಲ್ಲಿ ಬರೆಯತಕ್ಕದ್ದು, ಖರ್ಚಿಗೆ ಉಪ್ಪಿನ ಮೇಲೆ ಸೆಸ್. ಹೊಸ ಸಾಫ್ಟ್‌ವೇರಿನ ಪ್ರಮಾಣಪತ್ರವಿಲ್ಲದ ರೇವಕ್ಕ ಫೇಲಾದಳು. ಮತ್ತೆ ಆರು ತಿಂಗಳು ಬೆಂಚಿನ ಮೇಲೆ ಕೂತು, ಸುಣ್ಣ ಹಿಡಿಯುವ ಬಗೆಯನ್ನು ಮಂತ್ರಿಗಳ ಭಾವಮೈದುನನಿಂದ ಕಲಿತಳು. ಆತ ಅದನ್ನು ತಲೆಕೆಳಗಾಗಿ ಹಿಡಿಯುವುದು ಹೇಗೆಂದು ಎರಡು ವಾರ ವಿವರಿಸಿದ.

ವಾಚಾಳಸೇನರಿಗೆ 'ತಂತ್ರಜ್ಞಾನ ಶಿರೋಮಣಿ' ಕಿರೀಟ ತೊಡಿಸಿ ಅಂಬಾರಿಯಲ್ಲಿ ಮೆರೆಸಿದರು. ಪ್ರಜೆಗಳು ಬೀದಿಯ ಇಕ್ಕೆಲದಲ್ಲಿ ನಿಂತು, ಉಪ್ಪಿಲ್ಲದ ಸಾರು ಉಂಡ ಬಾಯಲ್ಲೇ ಜೈಕಾರ ಹಾಕಿದರು.